ಹುಲ್ಲಿನ ಯೂದಾಸನ ಪಾದಗಳು

ಪರಮಪೂಜ್ಯ ಶೌರಿನಾಥ ಸ್ವಾಮಿಗಳನ್ನು ಮನಸಾರೆ ಸ್ಮರಿಸಿ ಈ ಪ್ರಸಂಗವನ್ನು ಹೇಳಹೊರಟಿದ್ದೇನೆ. ಓದಿ ಎದೆ ಧಸಕ್ಕೆಂದರೆ ತಪ್ಪು ನನ್ನದಲ್ಲ, ನಡೆದದ್ದೇ ಹಾಗೆ. ಅಂದು ದೇವಾಲಯದಲ್ಲಿ ಹೆಂಗಸರ ಕಡೆಯ ಚಾಪೆಯ ಮೇಲೆ ಕೂತು ಎಲ್ಲವನ್ನೂ ಕಣ್ಣಾರೆ ಕಂಡಿದ್ದ ನಮ್ಮಜ್ಜಿ, ಮುಪ್ಪಿನಲ್ಲಿಯೂ ಇದನ್ನು ಹೇಳುವಾಗ ಅರ್ಧಕ್ಕೆ ಮಾತು ನಿಲ್ಲಿಸಿ ಆಮೇಲೆ ಮುಂದುವರಿಸುತ್ತಿದ್ದರು.

ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಮಾತು. ಕೊಳ್ಳೇಗಾಲದ ಸೀಮೆಯಲ್ಲಿ ಕಗ್ಗಲ್ಲುಪಾಳ್ಯ ಎಂಬ ನಮ್ಮ ಊರು. ಇಡೀ ಊರೇ ಕ್ರೈಸ್ತರದು. ಬಹಳ ಕಾಲ ಗುರುಗಳಿಲ್ಲದೆ ಬಣಗುಡುತ್ತಿದ್ದ ಆ ಊರಿಗೆ ಒಂದು ಕ್ರಿಸ್ಮಸ್ ಕಳೆದ ಮೇಲೆ ಶೌರಿನಾಥ ಸ್ವಾಮಿಗಳು ಬಂದರು. ತಂದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ಕಂಬಳಿ. ಗುರುಮನೆ ಎಂದು ಹೆಸರಿಗೆ ಒಂದು ಕೋಣೆ ಇತ್ತು, ಅದರ ಹಂಚು ಅರ್ಧ ಹಾರಿಹೋಗಿತ್ತು. ಪೂಜ್ಯರು ಅದರಲ್ಲೇ ಇದ್ದರು. ಹುಣಸೆ ಹಣ್ಣಿನ ಕಾಲ ಬಂದಾಗ ಊರ ಹೆಂಗಸರು ದೇವಾಲಯದ ಅಂಗಳದ ಮರದಡಿ ಕೂತು ಬೀಜ ಬಿಡಿಸುವುದು ರೂಢಿ. ಸ್ವಾಮಿಗಳೂ ನಿಲುವಂಗಿಯ ತೋಳು ಮಡಚಿ ಅವರ ಮಧ್ಯೆ ಕೂತುಬಿಡುತ್ತಿದ್ದರು. ಮೊದಮೊದಲು ಹೆಂಗಸರು ನಾಚಿಕೊಂಡರು. ಆಮೇಲೆ ಅವರ ಕೈ ನಿಧಾನವಾದರೆ ಬಾಯಿಬಿಟ್ಟು ಬೈಯುವಷ್ಟು ಸಲುಗೆ ಬೆಳೆಯಿತು.

ಜನ ತಮ್ಮ ಮನಸ್ಸಿನ ಮುಳ್ಳುಗಳನ್ನೆಲ್ಲ ತಂದು ಹಾಕುತ್ತಿದ್ದದ್ದು ಅಲ್ಲಿಯೇ. ದೀಕ್ಷಾಸ್ನಾನ ಆಗದೆ ಕಣ್ಣುಮುಚ್ಚಿದ ಹಸುಗೂಸು ಮೋಕ್ಷ ಸೇರೀತೇ? ಯೇಸುಸ್ವಾಮಿಯ ಹೆಸರನ್ನೇ ಕೇಳದೆ ಸತ್ತ ಮುತ್ತಾತಂದಿರ ಗತಿಯೇನು? ಕೂಲಿಗೆ ಹೋಗಿ ಭಾನುವಾರದ ಪೂಜೆ ತಪ್ಪಿದರೆ ದೇವರು ಮುನಿಯುವರೇ? ಪೂಜ್ಯರ ಉತ್ತರ ಎಂದರೆ ಒಂದು ಮಾತು, ಹೆಚ್ಚೆಂದರೆ ಎರಡು. ಕೂಸನ್ನು ಕಳೆದುಕೊಂಡವಳಿಗೆ, "ನಿನಗಿಂತ ಹೆಚ್ಚು ಅಕ್ಕರೆ ಇರುವವರ ಕೈಯಲ್ಲಿದೆಯಲ್ಲವ್ವ," ಎಂದಿದ್ದರಂತೆ. ಅವಳು ಅಂದೇ ಮನೆಗೆ ಹೋಗಿ ಒಲೆ ಹೊತ್ತಿಸಿದಳಂತೆ.

ಇದರಿಂದ ಸ್ವಲ್ಪ ಕಸಿವಿಸಿಗೊಂಡವರು ಉಪದೇಶಿ ಇನ್ನಾಸಪ್ಪನವರು. ಗುರುಗಳಿಲ್ಲದ ಕಾಲದಲ್ಲಿ ಊರಿನ ವಿಶ್ವಾಸದ ದೀಪ ಆರದಂತೆ ಕಾದವರು ಅವರೇ. ಸಾಯುವವರ ತಲೆದಿಂಬಿನ ಬಳಿ ಜಪ ಹೇಳುವುದು, ಸತ್ತವರಿಗೆ ಗುಂಡಿ ತೋಡುವುದು, ಸಂಜೆ ಮಕ್ಕಳನ್ನು ಕೂಡಿಸಿ ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದು, ಎಲ್ಲವೂ ಅವರದೇ. ಒಂದು ದಿನವೂ ಕೈ ಚಾಚಿದವರಲ್ಲ. ಅವರನ್ನು ಕೆಟ್ಟವರೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಆದರೆ ಅವರಿಗೆ ಪ್ರತಿಯೊಂದು ಪ್ರಶ್ನೆಗೂ ಉತ್ತರ ಗೊತ್ತಿತ್ತು, ತೊಂದರೆ ಆದದ್ದೇ ಅಲ್ಲಿ.

ಸ್ವಾಮಿಗಳು ಬರುವುದಕ್ಕೆ ಸ್ವಲ್ಪ ಮುಂಚೆ ಊರಲ್ಲೊಂದು ಘೋರ ನಡೆದುಹೋಗಿತ್ತು. ವಿಧವೆ ಮದಲೇನಮ್ಮನವರ ಒಬ್ಬನೇ ಮಗ ಆರೋಗ್ಯಪ್ಪ, ಮದುವೆಗೆ ಬಂದ ಹುಡುಗ. ಕ್ರಿಸ್ಮಸ್ಸಿಗೆ ಬಾಲಯೇಸುವನ್ನು ಮಲಗಿಸುವ ಗೋದಲಿ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಆ ವರ್ಷ ಅವನ ಮನಸ್ಸಿಗೆ ಅದೇನು ಮಂಕು ಕವಿಯಿತೋ, ಮಾತು ನಿಂತಿತು, ನಿದ್ದೆ ನಿಂತಿತು, ತಾಯಿ ಕಲಸಿಟ್ಟ ತುತ್ತು ತಟ್ಟೆಯಲ್ಲೇ ಒಣಗಿತು. ಒಂದು ಬೆಳಿಗ್ಗೆ ಅವನು ತಾನಾಗಿ ಪ್ರಾಣ ಕಳೆದುಕೊಂಡ. ಹಾಗೆ ಸತ್ತವರಿಗೆ ಪವಿತ್ರ ನೆಲದಲ್ಲಿ ಜಾಗವಿಲ್ಲವೆಂದು ಇನ್ನಾಸಪ್ಪನವರು ಸಮಾಧಿಭೂಮಿಯ ಬಾಗಿಲಿಗೆ ಅಡ್ಡ ನಿಂತರು. ಹುಡುಗನನ್ನು ಗೋಡೆಯ ಆಚೆ, ಕತ್ತಾಳೆ ಪೊದೆಯ ಪಕ್ಕ ಮಣ್ಣು ಮಾಡಲಾಯಿತು. ಗಂಟೆ ಬಾರಿಸಲಿಲ್ಲ, ಜಪ ಹೇಳಲಿಲ್ಲ. ಮಣ್ಣು ಕೊಡವಿಕೊಂಡು ಹೊರಟವರನ್ನು ತಡೆದು ಆ ತಾಯಿ ಕೇಳಿದ್ದು ಒಂದೇ ಮಾತು: "ಇನ್ನಾಸಪ್ಪಣ್ಣ, ನನ್ನ ಮಗ ಈಗ ಎಲ್ಲವ್ನೆ?"

"ನರಕದಲ್ಲಿ," ಎಂದರು ಇನ್ನಾಸಪ್ಪನವರು. "ನಿಮಗೆ ಸುಳ್ಳು ಹೇಳೋಕಾಗಲ್ಲ ಮದಲೇನಮ್ಮ."

ಹೆತ್ತ ತಾಯಿಗೆ ಹಾಗೆ ಹೇಳಬಹುದೇ ಎಂದು ನೀವು ಹಲ್ಲು ಕಡಿಯುತ್ತಿರಬಹುದು. ನಾನೂ ಕಡಿದಿದ್ದೇನೆ. ಆದರೆ ಅಂದು ಅಲ್ಲಿ ನಿಂತಿದ್ದವರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ, ಅದನ್ನೂ ನೆನಪಿಡಬೇಕು.

ಯೇಸುಸ್ವಾಮಿ ಸಾವಿನಿಂದ ಎದ್ದ ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಕೊನೆಯ ವಾರ ಬಂತು. ಸ್ವಾಮಿಗಳು ಎಂದಿನಂತೆ ಹುಣಸೆ ರಾಶಿಯ ಮುಂದೆ ಕೂತಿದ್ದರು. ಮಗ ಹೋದಂದಿನಿಂದ ದೇವಾಲಯದ ಮೆಟ್ಟಿಲು ತುಳಿಯದಿದ್ದ ಮದಲೇನಮ್ಮ ಅಂಗಳಕ್ಕೆ ಬಂದು ನಿಂತರು. ಕೂತ್ಕೊಳ್ಳಿ ಎಂದರೆ ಕೂರಲಿಲ್ಲ.

"ಸ್ವಾಮ್ಯೋರೆ, ಎಲ್ಲರೂ ನಿಮ್ಮ ಹತ್ರ ಮೋಕ್ಷಕ್ಕೆ ದಾರಿ ಕೇಳ್ತಾರೆ. ನನಗೆ ನರಕಕ್ಕೆ ಹೋಗೋ ದಾರಿ ಹೇಳಿಕೊಡಿ."

ಹೆಂಗಸರ ಕೈಗಳು ನಿಂತುಬಿಟ್ಟವು. ಒಬ್ಬಾಕೆ ಶಿಲುಬೆಯ ಗುರುತು ಹಾಕಿಕೊಂಡಳು.

"ನನ್ನ ಮಗ ಅಲ್ಲವ್ನಂತೆ," ಎಂದರು ಮದಲೇನಮ್ಮ. ದನಿಯಲ್ಲಿ ಅಳು ಇರಲಿಲ್ಲ. ಸಂತೆಗೆ ಯಾವ ಕಡೆ ಹೋಗಬೇಕು ಎಂದು ಕೇಳುವವರ ಹಾಗೆ ಕೇಳುತ್ತಿದ್ದರಂತೆ. "ಸಣ್ಣೋನಿದ್ದಾಗಿಂದ ಕತ್ತಲು ಕಂಡರೆ ಹೆದರೋನು ಸ್ವಾಮಿ. ಅವನನ್ನ ಅಲ್ಲಿ ಒಬ್ಬನ್ನೇ ಬಿಟ್ಟು ನಾನು ಮೋಕ್ಷದಲ್ಲಿ ಹೆಂಗೆ ಕೂತ್ಕೊಳ್ಳಲಿ? ಯಾವ ಪಾಪ ಮಾಡಿದರೆ ತಪ್ಪದೆ ಅಲ್ಲಿಗೇ ಹೋಯ್ತೀನಿ, ಅದನ್ನ ಹೇಳಿ. ಪ್ರಸಾದ ಬಿಟ್ಟಿದ್ದೀನಿ. ಜಪ ಬಿಟ್ಟಿದ್ದೀನಿ. ಅಷ್ಟು ಸಾಕಾ, ಇನ್ನೂ ಏನಾದರೂ ಮಾಡಬೇಕಾ?"

ನಮ್ಮಜ್ಜಿ ಮಾತು ನಿಲ್ಲಿಸುತ್ತಿದ್ದದ್ದು ಇಲ್ಲಿ. ಎಂಥೆಂಥ ಪ್ರಶ್ನೆಗೂ ಥಟ್ಟನೆ ಉತ್ತರ ಕೊಡುತ್ತಿದ್ದ ಪೂಜ್ಯರ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತಂತೆ. ಬೆರಳಿಗೆ ಅಂಟಿದ ಹುಣಸೆಯನ್ನು ಒರೆಸಿಕೊಳ್ಳಲೂ ತೋಚದೆ ಎದ್ದು ನಿಂತರು. ಅವರ ಬಾಯಿಂದ ಬಂದ ಮಾತು ಕೇಳಿ ಹೆಂಗಸರು ಇನ್ನಷ್ಟು ದಂಗಾದರು.

"ಅವ್ವಾ, ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ."

ಮದಲೇನಮ್ಮ ತಿರುಗಿ ಹೊರಟರು. ಪೂಜ್ಯರು ಹಿಂದಿನಿಂದ, "ಗುರುವಾರ ದೇವಾಲಯಕ್ಕೆ ಬನ್ನಿ," ಎಂದರು.

"ಬಂದು ಏನು ಮಾಡ್ಲಿ?"

"ಯೇಸುಸ್ವಾಮಿಯನ್ನೇ ಕೇಳೋಣ. ನಾನೂ ಕೇಳ್ತೀನಿ."

ಸಂಜೆಯೊಳಗೆ ಈ ಸುದ್ದಿ ಊರಿಡೀ ಓಡಾಡಿತು. ಗುರುಗಳಿಗೇ ಉತ್ತರ ಗೊತ್ತಿಲ್ಲವಂತೆ ಎಂದು ಜನ ಬಾಯಿಮೇಲೆ ಕೈಯಿಟ್ಟುಕೊಂಡರು. ಇನ್ನಾಸಪ್ಪನವರಂತೂ ನೊಂದುಕೊಂಡರು. ಮಕ್ಕಳಿಗೂ ಗೊತ್ತಿರುವ ಉತ್ತರ ಇವರಿಗೆ ಗೊತ್ತಿಲ್ಲವೆಂದರೆ ಊರ ವಿಶ್ವಾಸದ ಗತಿಯೇನು ಎಂದು ಅವರಿಗೆ ನಿಜವಾಗಿಯೂ ದಿಗಿಲಾಗಿತ್ತು.

ಇನ್ನು ಗುರುವಾರದ ಮಾತಿಗೆ ಬರಬೇಕು. ಪವಿತ್ರ ಗುರುವಾರದಂದು ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವುದು ಎಲ್ಲ ಕಡೆಯೂ ಇರುವ ಪದ್ಧತಿ. ಯೇಸುಸ್ವಾಮಿ ತಮ್ಮ ಕಡೆಯ ಊಟದಲ್ಲಿ ಶಿಷ್ಯರ ಪಾದ ತೊಳೆದದ್ದರ ನೆನಪಿಗೆ. ನಮ್ಮ ಪಾಳ್ಯದಲ್ಲಿ ಮಾತ್ರ ಅದಕ್ಕೊಂದು ಬಾಲ ಅಂಟಿಕೊಂಡಿತ್ತು. ಹನ್ನೆರಡನೆಯ ಜಾಗ ಯೂದಾಸನದು, ಮುತ್ತಿಟ್ಟು ಸ್ವಾಮಿಯನ್ನು ಹಿಡಿದುಕೊಟ್ಟವನದು. ಅಲ್ಲಿ ಕೂತವನಿಗೆ ವರ್ಷದೊಳಗೆ ಕೇಡು ಕಟ್ಟಿಟ್ಟ ಬುತ್ತಿ ಎಂದು ಯಾವನೋ ಪುಣ್ಯಾತ್ಮ ಎಂದೋ ಅಂದುಬಿಟ್ಟಿದ್ದ. ಅಂದಿನಿಂದ ಆ ಜಾಗದಲ್ಲಿ ಮನುಷ್ಯರು ಕೂರುತ್ತಿರಲಿಲ್ಲ. ರಾಗಿ ಹುಲ್ಲಿನಲ್ಲಿ ಆಳೆತ್ತರದ ಯೂದಾಸನನ್ನು ಕಟ್ಟಿ, ಮಡಕೆಯ ತಲೆಗೆ ಇದ್ದಿಲಿನಿಂದ ಕಣ್ಣುಮೂಗು ಬರೆದು, ಬೆಂಚಿನ ತುದಿಗೆ ಕೂರಿಸುತ್ತಿದ್ದರು. ಆ ವಾರಕ್ಕೆಂದು ಬಂದುಹೋಗುತ್ತಿದ್ದ ಪರವೂರ ಗುರುಗಳು ಪಾದ ತೊಳೆಯುವುದು ಹನ್ನೊಂದಕ್ಕೆ ನಿಲ್ಲುತ್ತಿತ್ತು. ಶುಕ್ರವಾರ, ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಶಿಲುಬೆಹಾದಿ ಮುಗಿದ ಮೇಲೆ ಹುಡುಗರು ಆ ಬೊಂಬೆಯನ್ನು ಕೆರೆ ಏರಿಗೆ ಎಳೆದೊಯ್ದು ಚೆನ್ನಾಗಿ ಥಳಿಸಿ ಸುಡುತ್ತಿದ್ದರು. ದೊಡ್ಡವರೂ ಎರಡೇಟು ಹಾಕಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು.

ಯೂದಾಸನಿಗೆ ಬಟ್ಟೆ ಬೇಕಲ್ಲ, ಅದನ್ನು ಯಾವ ಮನೆಯವರೂ ಕೊಡುತ್ತಿರಲಿಲ್ಲ. ಕೊಟ್ಟ ಮನೆಗೆ ಯೂದಾಸ ಬರುತ್ತಾನೆಂಬ ಭಯ. ಹಾಗಾಗಿ ಸಮಾಧಿಭೂಮಿಯ ಗೋಡೆಯ ಆಚೆ ಸತ್ತವರದೆಂದು ಎಸೆದ ಬಟ್ಟೆ ಏನು ಸಿಕ್ಕರೆ ಅದನ್ನು ತಂದು ಹಾಕುವರು. ಆ ವರ್ಷ ಕತ್ತಾಳೆ ಪೊದೆಯ ಮೇಲೆ ಒಂದು ನೀಲಿ ಪಟ್ಟೆಯ ಅಂಗಿ ಸಿಕ್ಕಿತು. ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಹುಡುಗರು ಹಿಂದೆಮುಂದೆ ನೋಡಿ ಇನ್ನಾಸಪ್ಪನವರನ್ನು ಕೇಳಿದರು. ಅವರು, "ಹಾಕಿ. ಯೂದಾಸನೂ ಹಂಗೇ ತಾನಾಗೇ ಅಲ್ಲವಾ ಸತ್ತಿದ್ದು. ನೋಡಿದವರಿಗೆ ಬುದ್ಧಿ ಬರಲಿ," ಎಂದುಬಿಟ್ಟರು.

ಗುರುವಾರ ಸಂಜೆ ದೇವಾಲಯ ಕಿಕ್ಕಿರಿದಿತ್ತು. ಹನ್ನೊಂದು ಮಂದಿ ಹಿರಿಯರು ಪಂಚೆ ಎತ್ತಿಕಟ್ಟಿ ಬೆಂಚಿನ ಮೇಲೆ ಕೂತಿದ್ದರು. ಮೊದಲನೆಯವರು ಇನ್ನಾಸಪ್ಪನವರು, ಪ್ರತಿ ವರ್ಷವೂ ಶಿಷ್ಯರಲ್ಲಿ ಮೊದಲಿಗರಾದ ಸಂತ ಪೇತ್ರರ ಜಾಗ ಅವರದೇ. ತುದಿಯಲ್ಲಿ ಮಡಕೆತಲೆಯ ಹುಲ್ಲಿನ ಮನುಷ್ಯ. ಆಗ ಬಾಗಿಲಲ್ಲಿ ಮದಲೇನಮ್ಮ ಕಾಣಿಸಿಕೊಂಡರು. ಸ್ವಾಮಿಗಳ ಮಾತಿಗೆ ಬೆಲೆ ಕೊಟ್ಟು ಬಂದಿದ್ದರು, ಪಾಪ.

ಅವರ ಕಣ್ಣು ನೇರ ಆ ಅಂಗಿಯ ಮೇಲೆ ಬಿತ್ತು. ಮೊಣಕೈ ಹರಿದ ಕಡೆ ಅವರೇ ಬಿಳಿ ನೂಲಿನಲ್ಲಿ ತೇಪೆ ಹಾಕಿದ್ದ ಅಂಗಿ. ಹೆಂಗಸರು ಸರಿದು ದಾರಿ ಬಿಟ್ಟರು. ಆಕೆ ಕಿರುಚಲಿಲ್ಲ, ಬೀಳಲಿಲ್ಲ. ಕಂಬಕ್ಕೆ ಕೈಯೂರಿ ನಿಂತರು, ಅಷ್ಟೇ. ನಮ್ಮಜ್ಜಿಗೆ ಆ ಕ್ಷಣದಲ್ಲಿ ಇಡೀ ಊರಿನ ಮೇಲೆ ಹೇಸಿಗೆ ಬಂದು, ತಲೆ ಎತ್ತಲಾಗಲಿಲ್ಲವಂತೆ. ಆಕೆಯನ್ನು ಹೊರಗೆ ಕರೆದೊಯ್ಯಲು ಕೂಡ ಯಾರ ಕಾಲೂ ಏಳಲಿಲ್ಲ.

ಸ್ವಾಮಿಗಳು ನಡುವಿಗೆ ಬಿಳಿ ವಸ್ತ್ರ ಕಟ್ಟಿಕೊಂಡು, ತಂಬಿಗೆ ಮತ್ತು ಹಿತ್ತಾಳೆಯ ಬೋಗುಣಿ ಹಿಡಿದು ಒಳಗಿನಿಂದ ಬಂದರು. ಬೊಂಬೆ ಕಂಡಿತು. ಅದರ ಅಂಗಿ ಕಂಡಿತು. ಕಂಬದ ಬಳಿಯ ತಾಯಿ ಕಂಡರು. ಆ ಅಂಗಿ ಯಾರದೆಂದು ಅವರಿಗೆ ಹೇಳಿದವರಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬೋಗುಣಿಯನ್ನು ಬೆಂಚಿನ ಮುಂದೆ ನೆಲಕ್ಕಿಟ್ಟರು. ಇನ್ನಾಸಪ್ಪನವರು ಮೆಲ್ಲಗೆ, "ಹನ್ನೊಂದಕ್ಕೆ ನಿಲ್ಲಿಸಬೇಕು ಸ್ವಾಮ್ಯೋರೆ. ಕಡೆಯದು ಹುಲ್ಲಿಂದು," ಎಂದು ನೆನಪಿಸಿದರು. ಪೂಜ್ಯರು ಅವರ ಮುಂದೆ ಮಂಡಿಯೂರಿ ಪಾದ ತೊಳೆದು, ಒರೆಸಿ, ಮುತ್ತಿಟ್ಟರು. ಹಾಗೆಯೇ ಒಬ್ಬೊಬ್ಬರದಾಗಿ ಮುಂದೆ ಸಾಗಿದರು.

ಹನ್ನೊಂದನೆಯವರದು ಮುಗಿಯಿತು. ಹಾಡು ನಿಲ್ಲಿಸಿ ಜನ ಏಳುವ ಸಿದ್ಧತೆಯಲ್ಲಿದ್ದರು. ಪೂಜ್ಯರು ಏಳಲಿಲ್ಲ. ಮಂಡಿಯಲ್ಲೇ ಸರಿದು ಹುಲ್ಲಿನ ಯೂದಾಸನ ಮುಂದೆ ಹೋದರು. ಕತ್ತಾಳೆ ನಾರಿನಿಂದ ಬಿಗಿದ ಆ ಹುಲ್ಲಿನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಬೋಗುಣಿಯಲ್ಲಿಟ್ಟು ನೀರು ಹೊಯ್ದರು.

ಬೆಂಚಿನ ಮೇಲಿದ್ದವರಲ್ಲಿ ಒಬ್ಬರು ಗಾಬರಿಯಲ್ಲಿ ತಮ್ಮ ಒದ್ದೆಕಾಲನ್ನು ಮೇಲೆತ್ತಿಕೊಂಡರಂತೆ, ಆ ನೀರು ತಾಗೀತೆಂದು. ಇನ್ನಾಸಪ್ಪನವರು ಎದ್ದೇ ನಿಂತರು.

"ಸ್ವಾಮ್ಯೋರೆ, ಅದು ಯೂದಾಸ."

"ಗೊತ್ತು," ಎಂದರು ಪೂಜ್ಯರು, ತಲೆ ಎತ್ತದೆ. "ಅವತ್ತು ನಮ್ಮ ಸ್ವಾಮಿಗೂ ಗೊತ್ತಿತ್ತು. ಯೂದಾಸ ಎದ್ದು ಹೋದದ್ದು ಪಾದ ತೊಳೆದ ಮೇಲೆ, ಇನ್ನಾಸಪ್ಪನವರೇ."

ಆ ಮಾತು ಕೇಳಿ ಇನ್ನಾಸಪ್ಪನವರ ಮುಖ ಹೇಗಾಯಿತೆಂದು ನಮ್ಮಜ್ಜಿಗೆ ವರ್ಣಿಸಲು ಬರುತ್ತಿರಲಿಲ್ಲ. ಬೈಬಲಿನ ಶುಭಸಂದೇಶದ ಆ ಭಾಗ ಅವರಿಗೆ ಕಂಠಪಾಠ. ಎಷ್ಟೋ ವರ್ಷ ತಾವೇ ಗಟ್ಟಿಯಾಗಿ ಓದಿದ್ದಾರೆ. ಊಟಕ್ಕೆ ಕೂತವರು ಹನ್ನೆರಡು ಮಂದಿ, ಸ್ವಾಮಿ ಯಾರನ್ನೂ ಬಿಟ್ಟು ಮುಂದೆ ಹೋಗಲಿಲ್ಲ. ಓದಿದ ಬಾಯಿ ಅವರದೇ, ಹನ್ನೊಂದಕ್ಕೆ ನಿಲ್ಲಿಸಿದವರೂ ಅವರೇ.

ನೀರು ಕುಡಿದ ಹುಲ್ಲು ಬಿಚ್ಚಿಕೊಳ್ಳುತ್ತಿತ್ತು. ಪೂಜ್ಯರು ಅದನ್ನು ಎಳೆಗೂಸಿನ ಕಾಲು ಒರೆಸುವಂತೆ ಒತ್ತಿ ಒತ್ತಿ ಒರೆಸಿದರು. ಬಾಗಿ ಮುತ್ತಿಟ್ಟರು. ಆಮೇಲೆ ಕೂತಲ್ಲಿಂದಲೇ ತಿರುಗಿ, ಕಂಬದ ಬಳಿಯಿದ್ದ ತಾಯಿಯನ್ನು ನೋಡಿ ಹೇಳಿದರು:

"ಅವ್ವಾ, ನಿಮ್ಮ ಮಗ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಸುಳ್ಳು ಹೇಳಲಾರೆ. ಆದರೆ ನೀವು ಹೋಗಬೇಕು ಅಂದ ಜಾಗ ಇದೆಯಲ್ಲ, ಸತ್ತ ಮೇಲೆ ಯೇಸುಸ್ವಾಮಿ ಮೊದಲು ಇಳಿದದ್ದು ಆ ಪಾತಾಳಕ್ಕೇ. ದಿನಾ ವಿಶ್ವಾಸ ಸಂಗ್ರಹದ ಜಪದಲ್ಲಿ ನಾವೇ ಹೇಳುತ್ತೇವೆ. ಅವರು ಹುಡುಕಿಕೊಂಡು ಹೋಗದ ಕತ್ತಲು ಯಾವುದೂ ನನಗೆ ಗೊತ್ತಿಲ್ಲ."

ಅಷ್ಟೇ ಅವರು ಆಡಿದ್ದು. ಮದಲೇನಮ್ಮ ಕಂಬ ಬಿಟ್ಟು ನಡೆದು ಬಂದರು. ಅಂಗಿ ಕಿತ್ತುಕೊಳ್ಳುತ್ತಾರೆಂದು ಎಲ್ಲರೂ ಅಂದುಕೊಂಡರು. ಆಕೆ ಪೂಜ್ಯರ ಪಕ್ಕ ಕೂತು, ಇನ್ನೂ ತೊಟ್ಟಿಕ್ಕುತ್ತಿದ್ದ ಆ ಹುಲ್ಲಿನ ಕಾಲನ್ನು ಮಡಿಲಿಗೆಳೆದುಕೊಂಡರು. ಅಲ್ಲಿಯವರೆಗೂ, ಮಗನನ್ನು ಮಣ್ಣು ಮಾಡಿದ ದಿನವೂ ಸಹ, ಅಳದಿದ್ದ ಆ ತಾಯಿ ಆಗ ಅತ್ತರು. ಆ ಅಳು ಕೇಳಲಾರದೆ ಗಂಡಸರು ಹೊರಗೆ ನಡೆದರು.

ಮರುದಿನ ಶಿಲುಬೆಹಾದಿ ಮುಗಿಯಿತು. ಹುಡುಗರು ಅಭ್ಯಾಸಬಲದಿಂದ ದೊಣ್ಣೆ ಹಿಡಿದು ಬಾಗಿಲ ಬಳಿ ಬಂದು ನಿಂತಿದ್ದರು. ಆದರೆ ಒಳಗಿನಿಂದ ಯೂದಾಸನನ್ನು ಹೊತ್ತು ತಂದವರು ಇನ್ನಾಸಪ್ಪನವರು. ಎಳೆದು ತರಲಿಲ್ಲ. ಮಲಗಿದ ಮಗುವನ್ನು ಎತ್ತಿಕೊಳ್ಳುವಂತೆ ಎರಡೂ ತೋಳಿನ ಮೇಲೆ ಎತ್ತಿಕೊಂಡಿದ್ದರು. ಹುಡುಗರು ತಾವಾಗಿಯೇ ದೊಣ್ಣೆ ಕೆಳಗೆ ಹಾಕಿದರು. ಇನ್ನಾಸಪ್ಪನವರು ಕೆರೆ ಏರಿಯ ಕಡೆಗೆ ತಿರುಗದೆ ಸಮಾಧಿಭೂಮಿಯ ದಾರಿ ಹಿಡಿದಾಗ ಜನ ಏನೂ ಅರ್ಥವಾಗದೆ ಹಿಂದೆ ಹಿಂದೆ ನಡೆದರು. ಸ್ವಾಮಿಗಳೂ ಬರಿಗಾಲಲ್ಲಿ, ಎಲ್ಲರಿಗಿಂತ ಹಿಂದೆ ಬಂದರು.

ಗೋಡೆಯ ಆಚೆ, ಕತ್ತಾಳೆ ಪೊದೆಯ ಪಕ್ಕ, ಇನ್ನಾಸಪ್ಪನವರು ತಾವೇ ಹಾರೆ ಹಿಡಿದು ಮಣ್ಣು ತೋಡಿದರು. ಆರೋಗ್ಯಪ್ಪನ ಮಗ್ಗುಲಲ್ಲಿ, ಆರೋಗ್ಯಪ್ಪನ ಅಂಗಿಯಲ್ಲೇ, ಆ ಬೊಂಬೆಯನ್ನು ಮಲಗಿಸಿ ಮಣ್ಣು ಮುಚ್ಚಿದರು. ಆಮೇಲೆ ಮಂಡಿಯೂರಿ ಸತ್ತವರ ಜಪ ಶುರುಮಾಡಿದರು. ಅಂದು ಬಾಗಿಲಲ್ಲಿ ಅಡ್ಡ ನಿಂತು ಬೇಡವೆಂದಿದ್ದ ಅದೇ ಜಪ. ಹೆಸರು ಹೇಳಬೇಕಾದ ಜಾಗಕ್ಕೆ ಬಂದರು. "ನಿಮ್ಮ ದಾಸನಾದ ಆರೋಗ್ಯಪ್ಪನಿಗೆ," ಎಂದರು. ಸ್ವಲ್ಪ ತಡೆದು, "ಯೂದಾಸನಿಗೂ," ಎಂದರು. ನೆರೆದವರು ಬೆಚ್ಚಿಬಿದ್ದರು. ಅದಕ್ಕೆ ಆಮೆನ್ ಎನ್ನಬಹುದೋ ಬಾರದೋ ಎಂದು ಯಾರಿಗೂ ತಿಳಿಯಲಿಲ್ಲ. ಮದಲೇನಮ್ಮ ಆಮೆನ್ ಎಂದರು. ಅವರ ಹಿಂದೆ ಊರೂ ಎಂದಿತು.

ಇನ್ನಾಸಪ್ಪನವರು ಎದ್ದು, ಕೈಯ ಮಣ್ಣನ್ನೂ ಕೊಡವದೆ ಆ ತಾಯಿಯ ಎದುರು ಬಂದು ನಿಂತರು. ಊರಿಗೆಲ್ಲ ಉತ್ತರ ಹೇಳಿಕೊಡುತ್ತಿದ್ದ ಮನುಷ್ಯ ಅಂದು ತಾವೇ ಪ್ರಶ್ನೆ ಕೇಳಿದರು.

"ಮದಲೇನಮ್ಮ, ನಿಮ್ಮ ಮಗನನ್ನ ನರಕಕ್ಕೆ ಕಳಿಸಿದ ಬಾಯಿ ನಂದು. ನಾನೀಗ ಎಲ್ಲಿಗೆ ಹೋಗ್ಲಿ?"

ಜನ ಸ್ವಾಮಿಗಳ ಮುಖ ನೋಡಿದರು. ಪೂಜ್ಯರು ಮದಲೇನಮ್ಮನವರ ಮುಖ ನೋಡುತ್ತಿದ್ದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು.

"ನಾಡಿದ್ದು ಪಾಸ್ಕ ಹಬ್ಬ ಅಲ್ಲವಾ ಇನ್ನಾಸಪ್ಪಣ್ಣ," ಎಂದರು. "ಬೆಳಿಗ್ಗೆ ಮನೆ ಹತ್ರ ಬಂದು ನನ್ನ ಒಂದು ಕೂಗು ಕೂಗಿ. ಪ್ರಸಾದಕ್ಕೆ ಇಬ್ಬರೂ ಒಟ್ಟಿಗೇ ಹೋಗೋಣ."

ಭಾನುವಾರ ಅವರು ಬಂದು ಕೂಗಿದರು. ಇಬ್ಬರೂ ಹೋದರು.

ಪೂಜ್ಯ ಶೌರಿನಾಥ ಸ್ವಾಮಿಗಳ ಹರಕೆ ಇದನ್ನು ಓದಿದವರ ಮೇಲೂ, ಓದಲಾರದೆ ನಡುವೆ ಪುಟ ಮುಚ್ಚಿದವರ ಮೇಲೂ ಇರಲಿ.